ಹಾಸಿಗೆ ಪಕ್ಕದ ಸಾಮಾನು: ಆರೈಕೆ ಮಾಡುವವರಿಗೆ ಯಾವುದು ಆಸರೆ, ಯಾವುದು ಹೊರೆ

ಕ್ಯಾನ್ಸರ್ ಮುಂದುವರಿದು ರೋಗಿ ದಿನದ ಬಹುಪಾಲು ಮಲಗಿಯೇ ಇರುವ ಹಂತ ಬಂದಾಗ ಮನೆಗೆ ಒಂದರ ಹಿಂದೊಂದು ಸಾಮಾನು ಬರತೊಡಗುತ್ತವೆ. ಏರ್ ಬೆಡ್, ಎತ್ತರಿಸುವ ಮಂಚ, ಆಮ್ಲಜನಕದ ಯಂತ್ರ, ಕಫ ಎಳೆಯುವ ಯಂತ್ರ, ಮಾತ್ರೆ ಡಬ್ಬಿ. ಇವು ರೋಗಿಗೆ ಏನು ಮಾಡುತ್ತವೆ ಎಂಬುದನ್ನು ಮಾರುವವರು ವಿವರವಾಗಿ ಹೇಳುತ್ತಾರೆ. ಆದರೆ ಇವನ್ನು ಹಗಲು ರಾತ್ರಿ ನಡೆಸುವವರು ಹೆಂಡತಿ, ಗಂಡ, ಮಗಳು, ತಮ್ಮ. ಅವರಿಗೆ ಇವು ಏನು ಮಾಡುತ್ತವೆ ಎಂದು ಯಾರೂ ಹೇಳುವುದಿಲ್ಲ. ಈ ವಿಮರ್ಶೆ ಅವರ ಕಡೆಯಿಂದ ನೋಡಿದ್ದು. ರಾತ್ರಿ ಒಂದೇ ಸಮನೆ ನಾಲ್ಕು ಗಂಟೆ ನಿದ್ದೆ ಮಾಡಲು ಬಿಡುತ್ತದೆಯೇ, ಬೆನ್ನು ಉಳಿಸುತ್ತದೆಯೇ, ‘ನಾನೇನಾದರೂ ತಪ್ಪು ಮಾಡಿಬಿಟ್ಟೆನೇ’ ಎಂಬ ಭಯ ತಗ್ಗಿಸುತ್ತದೆಯೇ ಎಂಬುದಷ್ಟೇ ಇಲ್ಲಿನ ಅಳತೆಗೋಲು.

ಏರ್ ಬೆಡ್

ಮೊದಲು ಬರುವುದು ಇದೇ, ಹೆಚ್ಚು ತಪ್ಪಾಗಿ ಬಳಕೆಯಾಗುವುದೂ ಇದೇ. ಗಾಳಿ ಕೋಶಗಳು ಸರದಿಯಲ್ಲಿ ಉಬ್ಬಿ ತಗ್ಗುತ್ತವೆ. ಸಾಮಾನ್ಯವಾಗಿ ಒಂದು ಸುತ್ತಿಗೆ ಸುಮಾರು 10 ನಿಮಿಷ. ಹೀಗಾಗಿ ಚರ್ಮದ ಒಂದೇ ಜಾಗದ ಮೇಲೆ ಭಾರ ಬಹಳ ಹೊತ್ತು ನಿಂತು ಹುಣ್ಣಾಗುವುದು ತಗ್ಗುತ್ತದೆ. ಎರಡು ಬಗೆ ಸಿಗುತ್ತವೆ. ಗುಳ್ಳೆ ಗುಳ್ಳೆಯಾಗಿರುವುದು ಉಬ್ಬಿದಾಗ 6-7 ಸೆಂಟಿಮೀಟರ್ ಎತ್ತರ. ಅಡ್ಡಡ್ಡ ಕೊಳವೆಗಳಿರುವುದು 10ರಿಂದ 13 ಸೆಂಟಿಮೀಟರ್. ತಾನಾಗಿಯೇ ಅಷ್ಟಿಷ್ಟು ಹೊರಳುವ ರೋಗಿಗೆ ಗುಳ್ಳೆಯದು ಸಾಕು. ಮೈ ಇಳಿದು ಮೂಳೆ ಎದ್ದು ಕಾಣುವ, ಹೊರಳಲು ಶಕ್ತಿಯಿಲ್ಲದ ರೋಗಿಗೆ ಕೊಳವೆಯದೇ ಬೇಕು. ಆರೈಕೆ ಮಾಡುವವರ ದೃಷ್ಟಿಯಿಂದ ಇನ್ನೊಂದು ವ್ಯತ್ಯಾಸವೂ ಇದೆ. ಕೊಳವೆಯೊಂದು ಸೋರಿದರೆ ಬಹುತೇಕ ಮಾದರಿಗಳಲ್ಲಿ ಗುಂಡಿ ಬಿಚ್ಚಿ ಅದೊಂದನ್ನೇ ಬದಲಿಸಬಹುದು. ಗುಳ್ಳೆಯ ಹಾಸಿಗೆ ಸೋರಿದರೆ ರೋಗಿಯನ್ನು ಎತ್ತಿ, ಹಾಸಿಗೆ ಪೂರ್ತಿ ತೆಗೆದು, ತೇಪೆ ಹಾಕಬೇಕು. ಆ ಕೆಲಸ ಯಾವಾಗಲೂ ನಡುರಾತ್ರಿಯೇ ಬಂದೊದಗುತ್ತದೆ.

ಗಾಳಿ ತುಂಬುವ ಪಂಪಿನಲ್ಲಿ ಒತ್ತಡ ಹೊಂದಿಸುವ ಗುಂಡಿ ಎಲ್ಲಿರಬೇಕು ಎಂಬಲ್ಲೇ ಹೆಚ್ಚಿನ ಮನೆಗಳಲ್ಲಿ ಎಡವಟ್ಟಾಗುತ್ತದೆ. ರೋಗಿ ಸ್ವಲ್ಪ ಮುಳುಗಿದಂತೆ ಕಂಡರೆ ಹಾಸಿಗೆ ಕೆಟ್ಟಿದೆ ಎಂದುಕೊಂಡು ಗುಂಡಿಯನ್ನು ಪೂರ್ತಿ ಗಟ್ಟಿಗೆ ತಿರುಗಿಸುತ್ತಾರೆ. ಗಟ್ಟಿಯಾದ ಏರ್ ಬೆಡ್ ಮಾಮೂಲಿ ಹಾಸಿಗೆಗಿಂತ ಏನೂ ಮೇಲಲ್ಲ. ಮೈ ಸ್ವಲ್ಪ ಮುಳುಗಿದಾಗಲೇ ಭಾರ ಹಂಚಿಹೋಗುವುದು. ಗುಂಡಿ ನಿಲ್ಲಬೇಕಾದ್ದು ರೋಗಿಯ ಈಗಿನ ತೂಕಕ್ಕೆ. ತಿಂಗಳಿಂದ ತಿಂಗಳಿಗೆ ತೂಕ ಇಳಿಯುತ್ತದೆ, ಗುಂಡಿಯೂ ಅದರೊಂದಿಗೆ ಇಳಿಯಬೇಕು. ಸರಿಯಿದೆಯೇ ಎಂದು ತಿಳಿಯಲು ಕೈಯೇ ಸಾಧನ. ಗಾಳಿಯ ಪದರಕ್ಕೂ ಕೆಳಗಿನ ಹಾಸಿಗೆಗೂ ನಡುವೆ, ಬೆನ್ನುಮೂಳೆ ಕೊನೆಯಾಗುವ ಜಾಗದ ಕೆಳಗೆ, ಅಂಗೈ ಮೇಲ್ಮುಖವಾಗಿರುವಂತೆ ಕೈ ತೂರಿಸಿ. ರೋಗಿಯ ಮೂಳೆ ಬೆರಳಿಗೆ ತಾಗಿದರೆ ಗಾಳಿ ಸಾಲದು. ನಡುವೆ ಸುಮಾರು 2.5 ಸೆಂಟಿಮೀಟರ್ ಮೆತ್ತನೆಯ ಅಂತರ ಇರಲೇಬೇಕು. ತಲೆಯ ಭಾಗ ಎತ್ತರಿಸಿದಾಗ ಭಾರವೆಲ್ಲ ಪೃಷ್ಠಕ್ಕೆ ಬಂದು ಕೂರುವುದರಿಂದ ಆಗ ಇನ್ನೊಮ್ಮೆ ಕೈ ಹಾಕಿ ನೋಡಿ.

ಮೇಲೆ ಒಂದೇ ಒಂದು ತೆಳು ಹೊದಿಕೆ, ಅದೂ ಸಡಿಲವಾಗಿ. ಹಾಸಿಗೆ ಕೊಳೆಯಾಗದಿರಲಿ ಎಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ದಪ್ಪ ದುಪ್ಪಟಿ, ಅದರ ಮೇಲೆ ಎರಡು ಪ್ಯಾಡ್ ಹಾಸಿದರೆ ಕೆಳಗೆ ಗಾಳಿ ಆಡಿದ್ದು ಮೇಲಿನ ಚರ್ಮಕ್ಕೆ ಗೊತ್ತೇ ಆಗುವುದಿಲ್ಲ. ಬೆವರು ಮಾತ್ರ ಹೆಚ್ಚುತ್ತದೆ. ಪಂಪನ್ನು ನೆಲದ ಮೇಲಿಟ್ಟರೆ ಗುಂಯ್ ಎಂದು ನಡುಗುತ್ತದೆ, ಪಕ್ಕದಲ್ಲಿ ಮಲಗುವವರ ನಿದ್ದೆ ಹಾಳು. ಕಾಲಿನ ಕಡೆಯ ಹಲಗೆಗೆ ತೂಗುಹಾಕಿ, ಹಿಂದೆ ಒಂದು ತುಂಡು ಫೋಮ್ ಕೊಡಿ. ಮಂಚದ ಸಂದಿನಲ್ಲಿ ಗಾಳಿಯ ಪೈಪು ಮಡಚಿಕೊಂಡಿಲ್ಲವೇ ಎಂದು ಹೊದಿಕೆ ಬದಲಿಸಿದಾಗಲೆಲ್ಲ ನೋಡಿ. ಪಂಪು ಓಡುತ್ತಿದ್ದೂ ಹಾಸಿಗೆ ಇಳಿಯುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಕರೆಂಟು ಹೋದಾಗ ಗಾಳಿ ಹಿಡಿದಿಡಲು ಪೈಪಿನ ತುದಿಗೆ ಮುಚ್ಚಳ ಇದೆಯೇ ಎಂದು ಕೊಳ್ಳುವ ಮುನ್ನವೇ ಕೇಳಿ.

ಏರ್ ಬೆಡ್ ಇದ್ದರೆ ಮಗ್ಗುಲು ಬದಲಿಸಬೇಕಿಲ್ಲ ಎಂಬ ಮಾತು ನಂಬಬೇಡಿ. ಅದು ಕೊಡುವುದು ಬಿಡುವನ್ನು ಮಾತ್ರ. ಆದರೆ ಆ ಬಿಡುವು ಸಣ್ಣದಲ್ಲ. ‘ಎರಡು ಗಂಟೆಗೊಮ್ಮೆ’ ಎಂಬ ನಿಯಮ ಹಿಡಿದು ರಾತ್ರಿಯಿಡೀ ಎದ್ದು ಕೂರುವವರು ಬಹಳ ಮಂದಿ. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2014ರಲ್ಲಿ ಕೊಟ್ಟ ಮಾರ್ಗಸೂಚಿ ಹುಣ್ಣಿನ ಅಪಾಯ ಇರುವ ವಯಸ್ಕರಿಗೆ ಕನಿಷ್ಠ 6 ಗಂಟೆಗೊಮ್ಮೆ, ಹೆಚ್ಚು ಅಪಾಯ ಇರುವವರಿಗೆ ಕನಿಷ್ಠ 4 ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಹೇಳುತ್ತದೆ. ನಿಮ್ಮ ರೋಗಿಗೆ ಎಷ್ಟು ಎಂಬುದನ್ನು ಚರ್ಮವೇ ಹೇಳುತ್ತದೆ. ಹೊರಳಿಸಿದಾಗ ಭಾರ ಬಿದ್ದಿದ್ದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಕೆಂಪು ಒಮ್ಮೆ ಬಿಳಿಚಿ ಮತ್ತೆ ಬಂದರೆ ಆ ಅಂತರ ನಡೆಯುತ್ತದೆ. ಒತ್ತಿದರೂ ಕೆಂಪು ಮಾಸದಿದ್ದರೆ ಅಂತರ ಹೆಚ್ಚಾಯಿತು. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದಿಲ್ಲ. ಆ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಬಣ್ಣ ಇನ್ನಷ್ಟು ಗಾಢವಾಗಿದೆಯೇ ನೋಡಿ. ನಾಲ್ಕು ಗಂಟೆ ನಡೆಯುತ್ತದೆ ಎಂದು ನರ್ಸ್ ಒಪ್ಪಿದರೆ ರಾತ್ರಿ ಹನ್ನೊಂದಕ್ಕೆ ಹೊರಳಿಸಿ ಮಲಗಿದವರು ಮೂರಕ್ಕೆ ಎದ್ದರೆ ಸಾಕು. ಈ ಒಂದೇ ಕಾರಣಕ್ಕೆ ಕೊಳವೆಯ ಏರ್ ಬೆಡ್‌ಗೆ ನಮ್ಮ ಪೂರ್ತಿ ಅಂಕ.

ಹಿಮ್ಮಡಿಯನ್ನು ಮಾತ್ರ ಏರ್ ಬೆಡ್ ನಂಬಿ ಬಿಡಬೇಡಿ. ಮೀನಖಂಡದ ಉದ್ದಕ್ಕೂ ಒಂದು ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತಿರಲಿ. ನಡುವೆ ತೂತಿರುವ ರಿಂಗ್ ದಿಂಬು ಬೇಡವೇ ಬೇಡ. ಅದು ಸುತ್ತಲಿನ ಅಂಚನ್ನು ಒತ್ತಿ, ನಡುವಿನ ಚರ್ಮಕ್ಕೆ ರಕ್ತ ಓಡಾಡದಂತೆ ಮಾಡುತ್ತದೆ. ವಾಟರ್ ಬೆಡ್‌ಗೆ ಕರೆಂಟು ಬೇಡ ಎಂಬುದೊಂದೇ ಅನುಕೂಲ. ಅದರೊಳಗೆ ಹೂತ ದೇಹವನ್ನು ಒಬ್ಬರೇ ಹೊರಳಿಸುವುದು ಕಷ್ಟ.

ಮಂಚ

ಎಲ್ಲರೂ ಕೇಳುವುದು ತಲೆ ಎತ್ತುತ್ತದೆಯೇ ಎಂದು. ಕೇಳಬೇಕಾದ್ದು ಮಂಚ ಪೂರ್ತಿಯಾಗಿ ಮೇಲೆ ಕೆಳಗೆ ಹೋಗುತ್ತದೆಯೇ ಎಂದು. ಒರೆಸುವುದು, ಬಟ್ಟೆ ಬದಲಿಸುವುದು, ಪ್ಯಾಡ್ ಹಾಕುವುದು ಎಲ್ಲವೂ ಬಗ್ಗಿ ಮಾಡುವ ಕೆಲಸ. ಹಾಸಿಗೆಯ ಮೇಲ್ಮೈ ಆರೈಕೆ ಮಾಡುವವರ ಸೊಂಟದ ಮಟ್ಟಕ್ಕೆ ಬಂದರೆ ಬೆನ್ನು ಉಳಿಯುತ್ತದೆ. ರೋಗಿ ಕಾಲು ಇಳಿಬಿಟ್ಟು ಕೂರುವಾಗ ಪಾದ ನೆಲಕ್ಕೆ ತಾಗುವಷ್ಟು ತಗ್ಗಬೇಕು. ಇಲ್ಲೊಂದು ಲೆಕ್ಕ ತಪ್ಪುತ್ತದೆ: ಮಂಚದ ಕನಿಷ್ಠ ಎತ್ತರಕ್ಕೆ ಕೆಳಹಾಸಿಗೆಯ ದಪ್ಪ, ಏರ್ ಬೆಡ್‌ನ 10-13 ಸೆಂಟಿಮೀಟರ್ ಎಲ್ಲ ಸೇರಿಸಿ ನೋಡಿ.

ಕೈಯಿಂದ ತಿರುಗಿಸುವ ಹಿಡಿಕೆಯ ಮಂಚ ಕರೆಂಟಿಲ್ಲದೆ ನಡೆಯುತ್ತದೆ, ಆದರೆ ಪ್ರತಿ ಸಲ ಕಾಲಿನ ಕಡೆ ಹೋಗಿ ಬಗ್ಗಬೇಕು. ಮೋಟರಿನದಾದರೆ ರಿಮೋಟ್ ರೋಗಿಯ ಕೈಗೇ ಕೊಡಬಹುದು. ದಿನಕ್ಕೆ ಹತ್ತಾರು ಕರೆ ಅಲ್ಲಿಯೇ ತಪ್ಪುತ್ತವೆ. ಯಾವುದಾದರೂ ಸರಿ, ಮೊದಲು ಮಂಡಿಯ ಭಾಗ ಎತ್ತಿ, ಆಮೇಲೆ ತಲೆಯ ಭಾಗ. ತಲೆಯನ್ನೇ ಮೊದಲು ಎತ್ತಿದರೆ ರೋಗಿ ಕೆಳಕ್ಕೆ ಜಾರುತ್ತಾರೆ, ಚರ್ಮ ಒಂದು ಕಡೆ ಎಳೆದರೆ ಒಳಗಿನ ಮೂಳೆ ಇನ್ನೊಂದು ಕಡೆ ಹೋಗುತ್ತದೆ. ಬೆನ್ನಿನ ಕೆಳಭಾಗದ ಎಷ್ಟೋ ಹುಣ್ಣುಗಳ ಮೂಲ ಈ ಜಾರುವಿಕೆಯೇ. ಊಟ, ಔಷಧಿ, ಏದುಸಿರು ಇವುಗಳ ಹೊತ್ತು ಬಿಟ್ಟರೆ ತಲೆ 30 ಡಿಗ್ರಿಗಿಂತ ಮೇಲೆ ಬೇಡ.

ಪಕ್ಕದ ಕಂಬಿಗಳ ಬಗ್ಗೆ ಎಚ್ಚರ. ಗೊಂದಲಗೊಂಡ, ತಳಮಳಿಸುವ ರೋಗಿ ಕಂಬಿ ಹತ್ತಿ ದಾಟಲು ನೋಡಿದರೆ ಇನ್ನಷ್ಟು ಎತ್ತರದಿಂದ ಬೀಳುತ್ತಾರೆ. ಅಂಥವರಿಗೆ ಮಂಚವನ್ನು ಪೂರ್ತಿ ತಗ್ಗಿಸಿ ಪಕ್ಕದಲ್ಲಿ ಒಂದು ಹಾಸಿಗೆ ಹಾಸುವುದೇ ಲೇಸು.

ಸ್ಲೈಡ್ ಶೀಟ್

ಪಟ್ಟಿಯಲ್ಲೆಲ್ಲ ಚಿಕ್ಕದು, ಯಾರೂ ಹೇಳದೇ ಇರುವುದು, ಎಲ್ಲರ ಬೆನ್ನನ್ನೂ ಉಳಿಸುವುದು. ನುಣುಪಾದ ನೈಲಾನ್ ಬಟ್ಟೆ. ಎರಡು ಪದರ ಒಂದರ ಮೇಲೊಂದು ಜಾರುತ್ತವೆ. ಕೆಳಕ್ಕೆ ಜಾರಿದ ರೋಗಿಯನ್ನು ಕಂಕುಳಿಗೆ ಕೈ ಹಾಕಿ ಮೇಲೆಳೆಯುವುದು ಬಹುತೇಕ ಮನೆಗಳ ರೂಢಿ. ಅದರಿಂದ ರೋಗಿಯ ಭುಜಕ್ಕೂ ನೋವು, ಎಳೆಯುವವರ ಸೊಂಟಕ್ಕೂ ಪೆಟ್ಟು. ಮೂಳೆಗೆ ಕ್ಯಾನ್ಸರ್ ಹರಡಿದ್ದರೆ ಹಾಗೆ ಎಳೆದಾಗ ಮೂಳೆ ಮುರಿಯುವ ಅಪಾಯವೂ ಇದೆ.

ಬಳಸುವುದು ಹೀಗೆ. ತಲೆಯ ಭಾಗ ಪೂರ್ತಿ ತಗ್ಗಿಸಿ ಮಂಚ ಸಮತಟ್ಟು ಮಾಡಿ. ಏರ್ ಬೆಡ್‌ಗೆ ‘ಸ್ಟ್ಯಾಟಿಕ್’ ಎಂಬ ಗುಂಡಿ ಇದ್ದರೆ ಒತ್ತಿ, ಕೆಲಸ ಮುಗಿಯುವವರೆಗೆ ಹಾಸಿಗೆ ಅಲುಗದೆ ನಿಲ್ಲುತ್ತದೆ. ರೋಗಿಯನ್ನು ಒಂದು ಪಕ್ಕಕ್ಕೆ ಹೊರಳಿಸಿ, ಶೀಟಿನ ಅರ್ಧವನ್ನು ಸುರುಳಿ ಸುತ್ತಿ ಬೆನ್ನಿನ ಉದ್ದಕ್ಕೂ ಇಡಿ. ಇನ್ನೊಂದು ಪಕ್ಕಕ್ಕೆ ಹೊರಳಿಸಿ ಸುರುಳಿ ಬಿಚ್ಚಿ ಎಳೆದುಕೊಳ್ಳಿ. ಶೀಟು ತಲೆಯಿಂದ ತೊಡೆಯವರೆಗೆ ಬಂದಿರಲಿ. ಭುಜದ ಮಟ್ಟಕ್ಕೆ ನಿಂತುಬಿಟ್ಟರೆ ಎಳೆಯುವಾಗ ತಲೆ ಹಿಂದಕ್ಕೆ ಬಾಗುತ್ತದೆ. ಇಬ್ಬರು ಎದುರುಬದುರು ನಿಂತು, ಮೇಲಿನ ಪದರವನ್ನು ರೋಗಿಯ ಮೈಗೆ ಹತ್ತಿರವಾಗಿ ಹಿಡಿದು, ಎಣಿಸಿ, ಒಟ್ಟಿಗೆ ಜಾರಿಸಿ. ಎತ್ತಬೇಡಿ, ಜಾರಿಸಿ. ಕೈಯ ಬಲದಿಂದ ಎಳೆಯದೆ ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಮೈಭಾರ ಬದಲಿಸಿ. ಸ್ಥಾನಕ್ಕೆ ಬಂದ ಮೇಲೆ ಶೀಟನ್ನು ತಪ್ಪದೆ ತೆಗೆಯಬೇಕು: ಕೆಳಗಿನ ಪದರದ ಮೂಲೆಯನ್ನು ಒಳಮುಖವಾಗಿ ಮಡಚಿ ಎಳೆದರೆ ರೋಗಿಯನ್ನು ಮತ್ತೆ ಹೊರಳಿಸದೆ ಸರ್ರನೆ ಹೊರಬರುತ್ತದೆ. ತೆಗೆಯದೆ ಬಿಟ್ಟರೆ ರೋಗಿ ಅದರ ಮೇಲಿಂದಲೇ ಮಂಚದ ಅಂಚಿಗೆ ಜಾರಬಹುದು.

ಹೊರಳಿಸಿದರೆ ನೋವಾಗುವ ರೋಗಿಗೆ, ಅರ್ಧ ಗಂಟೆ ಮೊದಲು ವೈದ್ಯರು ಬರೆದುಕೊಟ್ಟ ಹೆಚ್ಚುವರಿ ನೋವಿನ ಔಷಧಿ ಕೊಟ್ಟು ಆಮೇಲೆ ಕೈ ಹಾಕಿ.

ಮಾತ್ರೆ ಡಬ್ಬಿ ಮತ್ತು ಒಂದು ಹಾಳೆ

ವಾರದ ಏಳು ದಿನ, ದಿನಕ್ಕೆ ನಾಲ್ಕು ಮನೆಗಳಿರುವ ಡಬ್ಬಿ ಒಳ್ಳೆಯದು. ಕೊಟ್ಟೆನೋ ಇಲ್ಲವೋ ಎಂಬ ಗೊಂದಲ ಅಲ್ಲಿಗೆ ಮುಗಿಯುತ್ತದೆ. ಆದರೆ ‘ಬೇಕಾದಾಗ ಮಾತ್ರ’ ಎಂದು ಬರೆದ ಔಷಧಿಯನ್ನು ಅದರೊಳಗೆ ಹಾಕಬೇಡಿ. ಅದಕ್ಕೆ ಬೇರೆ ಡಬ್ಬಿ, ಜೊತೆಗೆ ಒಂದು ಹಾಳೆ: ಕೊಟ್ಟ ಸಮಯ, ಪ್ರಮಾಣ, ಆಗಿನ ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಒಂದು ಗಂಟೆಯ ನಂತರ ಎಷ್ಟು. ಫೋನಿನ ಆ್ಯಪ್‌ಗಳಿಗಿಂತ ಗೋಡೆಗೆ ಅಂಟಿಸಿದ ಈ ಹಾಳೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಪಾಳಿ ಬದಲಿಸುವ ಅಣ್ಣನೂ ಓದಬಹುದು, ಮನೆಗೆ ಬರುವ ನರ್ಸೂ ಓದಬಹುದು.

ತೀವ್ರ ನೋವಿನ ಔಷಧಿ ಮಾರ್ಫಿನ್ ಕೊಡಲು ಕೈ ನಡುಗುವುದು ಸಹಜ. ತಿಳಿದಿರಬೇಕಾದ ಮಾತುಗಳು ಕೆಲವೇ. ಬೇಗ ಕರಗುವ ಮಾರ್ಫಿನ್‌ನ ಪರಿಣಾಮ ಸುಮಾರು 4 ಗಂಟೆ. ನಡುವೆ ನುಗ್ಗಿ ಬರುವ ನೋವಿಗೆ ಬರೆಯುವ ಹೆಚ್ಚುವರಿ ಪ್ರಮಾಣ ಸಾಮಾನ್ಯವಾಗಿ ದಿನದ ಒಟ್ಟಿನ ಆರನೇ ಒಂದು ಭಾಗ. ದಿನಕ್ಕೆ 60 ಮಿಲಿಗ್ರಾಂ ಆದರೆ 10 ಮಿಲಿಗ್ರಾಂ. ಇದು ಹಾಳೆಯಲ್ಲಿರುವ ಅಂಕಿ ಅರ್ಥವಾಗಲೆಂದು ಹೇಳಿದ್ದು. ಪ್ರಮಾಣ ಬರೆಯುವವರು ವೈದ್ಯರೇ. ಹೆಚ್ಚುವರಿ ಔಷಧಿ ಪದೇ ಪದೇ ಬೇಕಾಗುತ್ತಿದ್ದರೆ ಹಾಳೆ ಹಿಡಿದು ಅವರಿಗೆ ಫೋನ್ ಮಾಡಿ. ಮೊದಲ ದಿನಗಳ ವಾಕರಿಕೆ, ತೂಕಡಿಕೆ ಸಾಮಾನ್ಯವಾಗಿ ಇಳಿಯುತ್ತವೆ, ಮಲಬದ್ಧತೆ ಇಳಿಯುವುದಿಲ್ಲ. ಹಾಗಾಗಿ ಮಲ ಸಡಿಲಿಸುವ ಔಷಧಿ ಮೊದಲ ದಿನದಿಂದಲೇ ಬೇಕು. ಯಾರು ಎಬ್ಬಿಸಿದರೂ ಏಳದಂತೆ ಮಂಪರು ಕವಿದರೆ, ಉಸಿರು ತೀರಾ ನಿಧಾನವಾದರೆ ಮುಂದಿನ ಪ್ರಮಾಣ ಕೊಡುವ ಮೊದಲು ವೈದ್ಯರನ್ನು ಕೇಳಿ.

ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಮಾರ್ಫಿನ್ ಕೊಡುತ್ತಿರುವವರು ವೈದ್ಯರಲ್ಲಿ ಎರಡು ವಿಷಯ ವಿಚಾರಿಸಬಹುದು: ಮಲಗುವ ಹೊತ್ತಿನ ಪ್ರಮಾಣವನ್ನು ಇಮ್ಮಡಿ ಮಾಡಿ ನಡುರಾತ್ರಿಯದನ್ನು ಬಿಡಬಹುದೇ, ಅಥವಾ 12 ಗಂಟೆಗೊಮ್ಮೆ ಕೊಡುವ ನಿಧಾನ ಮಾತ್ರೆಗೆ ಬದಲಿಸಬಹುದೇ. ಎರಡೂ ಬಹುಕಾಲದಿಂದ ರೂಢಿಯಲ್ಲಿರುವ ಕ್ರಮಗಳೇ. ನಿಧಾನ ಮಾತ್ರೆಯನ್ನು ಮುರಿಯಬಾರದು, ಪುಡಿ ಮಾಡಬಾರದು. ಮಾಡಿದರೆ ಅರ್ಧ ದಿನದ ಔಷಧಿ ಒಮ್ಮೆಲೇ ಮೈಸೇರುತ್ತದೆ. ಚರ್ಮಕ್ಕೆ ಅಂಟಿಸುವ ನೋವಿನ ಔಷಧಿಯ ಪಟ್ಟಿ, ಅಂದರೆ ಫೆಂಟನಿಲ್ ಪಟ್ಟಿಯಾದರೆ, ಸಾಮಾನ್ಯವಾಗಿ 72 ಗಂಟೆಗೆ ಒಂದು. ಮೊದಲ ಪಟ್ಟಿ ಹಿಡಿಯಲು 12 ಗಂಟೆ ಅಥವಾ ಹೆಚ್ಚು ಬೇಕು, ಅಲ್ಲಿಯವರೆಗೆ ಹಳೆಯ ಔಷಧಿ ಹೇಗೆ ಮುಂದುವರಿಸಬೇಕೆಂದು ಕೇಳಿಕೊಳ್ಳಿ. ಪಟ್ಟಿಯ ಮೇಲೆ ಬಿಸಿನೀರಿನ ಚೀಲ ಇಟ್ಟರೆ ಮೈ ಔಷಧಿಯನ್ನು ಅಪಾಯದ ಮಟ್ಟಕ್ಕೆ ಹೀರಿಕೊಳ್ಳಬಹುದು. ತೆಗೆದ ಪಟ್ಟಿಯಲ್ಲೂ ಔಷಧಿ ಉಳಿದಿರುತ್ತದೆ. ಅಂಟು ಒಳಗಾಗುವಂತೆ ಮಡಚಿ ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ.

ಉಸಿರಿನ ಯಂತ್ರಗಳು

ಏದುಸಿರು ಕಂಡರೆ ಮನೆಯವರು ಮೊದಲು ಓಡುವುದು ಆಮ್ಲಜನಕದ ಯಂತ್ರಕ್ಕೆ. ರಕ್ತದಲ್ಲಿ ಆಮ್ಲಜನಕ ನಿಜಕ್ಕೂ ತಗ್ಗಿದ್ದರೆ ಅದು ಬೇಕು. ತಗ್ಗದಿದ್ದರೆ? 2010ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ 239 ರೋಗಿಗಳಿಗೆ ಮೂಗಿನ ನಳಿಕೆಯಲ್ಲಿ ಆಮ್ಲಜನಕ ಅಥವಾ ಬರೀ ಕೋಣೆಯ ಗಾಳಿ ಕೊಟ್ಟು ನೋಡಿದರು, ಆಮ್ಲಜನಕದಿಂದ ಹೆಚ್ಚಿನ ಉಪಶಮನವೇನೂ ಕಾಣಲಿಲ್ಲ. ಯಂತ್ರವೋ ರಾತ್ರಿಯಿಡೀ ಸದ್ದು ಮಾಡುತ್ತದೆ, ಕೋಣೆ ಬಿಸಿ ಮಾಡುತ್ತದೆ, ಮೂಗು ಒಣಗಿಸುತ್ತದೆ, ಫಿಲ್ಟರ್ ತೊಳೆಯುವ ಕೆಲಸ ಕೂಡಿಸುತ್ತದೆ. ಹಾಗಾಗಿ ತರುವ ಮುನ್ನ ಬೆರಳಿಗೆ ಹಾಕುವ ಮಾಪಕದ ಅಂಕಿ ಬರೆದಿಟ್ಟು ವೈದ್ಯರನ್ನು ಕೇಳಿ.

ಕೈಯಲ್ಲಿ ಹಿಡಿಯುವ ಬ್ಯಾಟರಿ ಫ್ಯಾನ್‌ಗೆ ಇದಕ್ಕಿಂತ ಹೆಚ್ಚು ಅಂಕ ಕೊಡುತ್ತೇವೆ. ಮುಖದಿಂದ 15 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಮೂಗು, ತುಟಿ, ಕೆನ್ನೆಗಳ ಮೇಲೆ ತಂಗಾಳಿ ಬೀಳುವಂತೆ ಐದು ನಿಮಿಷ. ಮುಖದ ಆ ಭಾಗದ ನರಗಳಿಗೆ ತಂಪು ತಾಗಿದರೆ ಉಸಿರು ಸಿಗದ ಅನುಭವ ತಗ್ಗುತ್ತದೆ. 2010ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನ ಮುಖಕ್ಕೆ ಮತ್ತು ಕಾಲಿಗೆ ಗಾಳಿ ಬಿಟ್ಟು ಹೋಲಿಸಿತು. ಆರಾಮ ಕಂಡದ್ದು ಮುಖಕ್ಕೆ ಬಿಟ್ಟಾಗ. ಉಸಿರಿಗಾಗಿ ಒದ್ದಾಡುವವರ ಮುಂದೆ ಕೈಕಟ್ಟಿ ನಿಲ್ಲುವುದಕ್ಕಿಂತ ಯಾತನೆಯ ಸ್ಥಿತಿ ಇನ್ನೊಂದಿಲ್ಲ. ಫ್ಯಾನು ಆ ಕೈಗಳಿಗೊಂದು ಕೆಲಸ ಕೊಡುತ್ತದೆ, ಅದೂ ಫಲ ಕೊಡುವ ಕೆಲಸ.

ಕಫ ಎಳೆಯುವ ಯಂತ್ರ ಹೆಚ್ಚಿನ ಮನೆಗಳಿಗೆ ಬೇಡ. ಕೊನೆಯ ದಿನಗಳಲ್ಲಿ ಗಂಟಲಲ್ಲಿ ಗೊರಗೊರ ಸದ್ದು ಬರುವುದು ನುಂಗಲಾಗದ ದ್ರವ ಅಲ್ಲಿ ನಿಂತಿರುವುದರಿಂದ. ಪ್ರಜ್ಞೆ ಇಳಿದಿರುವ ರೋಗಿಗೆ ಬಹುಶಃ ಅದು ಬಾಧಿಸುವುದಿಲ್ಲ, ಕೇಳುವವರಿಗೆ ಬಾಧಿಸುತ್ತದೆ. ನಳಿಕೆಯನ್ನು ಗಂಟಲಿಗಿಳಿಸಿದರೆ ಕೆಮ್ಮು, ವಾಕರಿಕೆ, ರಕ್ತ ಬರಬಹುದು, ದ್ರವ ಮತ್ತೆ ತುಂಬುತ್ತದೆ. ಪಕ್ಕಕ್ಕೆ ಹೊರಳಿಸಿ ತಲೆ ತುಸು ಎತ್ತರಿಸಿ, ಬಾಯಂಚಿಗೆ ಬಂದದ್ದನ್ನು ಮೆತ್ತನೆ ಬಟ್ಟೆಯಿಂದ ಒರೆಸಿ.

ಸಣ್ಣಪುಟ್ಟವು

ಬಾಯಿ ಶುಚಿಗೆ ಮಾರುವ ಫೋಮ್ ಕಡ್ಡಿಗಿಂತ ಮಕ್ಕಳ ಮೃದು ಬ್ರಷ್ ಮೇಲು. ರೋಗಿ ಕಚ್ಚಿದರೆ ಫೋಮ್ ತುದಿ ಕಿತ್ತು ಗಂಟಲಿಗೆ ಹೋಗುವ ಅಪಾಯವಿದೆ. ಪ್ಯಾಡ್ ಹಾಕುವಾಗ ಚರ್ಮಕ್ಕೆ ತೆಳುವಾಗಿ ತೇವ ತಡೆಯುವ ಕ್ರೀಮ್ ಸಾಕು, ದಪ್ಪಗೆ ಮೆತ್ತಿದರೆ ಪ್ಯಾಡ್ ತೇವ ಹೀರುವುದಿಲ್ಲ. ಕಮೋಡ್ ಕುರ್ಚಿಗೆ ಗಾಲಿ ಇದ್ದರೆ ಬ್ರೇಕ್ ಇರಲೇಬೇಕು. ಗಾಯದ ದುರ್ವಾಸನೆಗೆ ಕೋಣೆಗೆ ಸುಗಂಧ ಸಿಂಪಡಿಸಬೇಡಿ, ಎರಡೂ ಬೆರೆತು ಇನ್ನಷ್ಟು ಅಸಹನೀಯವಾಗುತ್ತದೆ. ವಾಸನೆ ತಗ್ಗಿಸಲು ಗಾಯಕ್ಕೆ ಹಚ್ಚುವ ಮೆಟ್ರೊನಿಡಜೋಲ್ ಜೆಲ್ ಬಗ್ಗೆ ವೈದ್ಯರನ್ನು ಕೇಳಿ. ಮಗುವಿನ ಮಾನಿಟರ್ ಬದಲು ತಂತಿಯಿಲ್ಲದ ಕರೆಗಂಟೆ ತನ್ನಿ. ಮಾನಿಟರ್ ಪ್ರತಿ ಉಸಿರನ್ನೂ ಪಕ್ಕದ ಕೋಣೆಗೆ ತಲುಪಿಸಿ ನಿದ್ದೆ ಕೆಡಿಸುತ್ತದೆ. ಗಂಟೆ ಬೇಕಾದಾಗ ಮಾತ್ರ ಎಬ್ಬಿಸುತ್ತದೆ. ಒತ್ತಲು ಶಕ್ತಿ ಇರುವವರೆಗೆ ಇದೇ ಸರಿ.

ಮನೆಗೆ ಬರುವ ಉಪಶಮನ ಆರೈಕೆ ಸೇವೆ

ಮೇಲಿನ ಎಲ್ಲಕ್ಕಿಂತ ಇದು ದೊಡ್ಡದು. ಆದರೆ ಸೇವೆ ಸೇವೆಗೂ ಅಜಗಜಾಂತರ. ಉಪಶಮನ ಆರೈಕೆ ಎಂದರೆ ನೋವು, ಯಾತನೆ ತಗ್ಗಿಸುವ ಆರೈಕೆ, ರೋಗಿಯ ಜೊತೆಗೆ ಕುಟುಂಬಕ್ಕೂ, ಅಗಲಿಕೆಯ ನಂತರವೂ ಆಸರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2002ರ ವ್ಯಾಖ್ಯಾನದಲ್ಲೇ ಹೇಳಿದೆ. ಆದ್ದರಿಂದ ರಕ್ತದೊತ್ತಡ ನೋಡಿ ಬರೆದುಕೊಂಡು ಹೋಗುವ ಭೇಟಿಯನ್ನು ಪೂರ್ಣ ಸೇವೆ ಎನ್ನಲಾಗದು.

ಸೇರುವ ಮುನ್ನ ಕೇಳಿ: ರಾತ್ರಿ ಎರಡಕ್ಕೆ ಫೋನ್ ಮಾಡಿದರೆ ಎತ್ತುವವರು ಯಾರು, ಅವರ ಮುಂದೆ ನಮ್ಮ ಫೈಲ್ ಇರುತ್ತದೆಯೇ? ನೋವು, ವಾಂತಿ, ತಳಮಳ, ಏದುಸಿರಿಗೆ ಬೇಕಾಗಬಹುದಾದ ಔಷಧಿಯನ್ನು ಮೊದಲೇ ಮನೆಯಲ್ಲಿಟ್ಟು, ಯಾವಾಗ ಎಷ್ಟು ಎಂದು ಬರೆದುಕೊಡುತ್ತೀರಾ? ಹೊರಳಿಸುವುದನ್ನು, ಬಾಯಿ ಶುಚಿಯನ್ನು ನಮ್ಮ ಕೈಯಿಂದಲೇ ಮಾಡಿಸಿ ಕಲಿಸುತ್ತೀರಾ? ನಮಗೆ ಒಂದು ರಾತ್ರಿಯ ಬಿಡುವು ಕೊಡಲು ಯಾರಾದರೂ ಬರುತ್ತಾರೆಯೇ?

ಒಳ್ಳೆಯ ಸೇವೆ ಆರೈಕೆ ಮಾಡುವವರನ್ನೂ ಪ್ರತ್ಯೇಕವಾಗಿ ವಿಚಾರಿಸುತ್ತದೆ. ಅದಕ್ಕೆ ಪ್ರಶ್ನಾವಳಿಗಳಿವೆ. ಜ಼ರಿಟ್ ಪ್ರಶ್ನಾವಳಿಯಲ್ಲಿ 22 ಪ್ರಶ್ನೆ, ಒಟ್ಟು 88 ಅಂಕ. ಹೊರೆ ಎಷ್ಟಿದೆ ಎಂದು ಅಳೆಯುತ್ತದೆ, ಏನು ಮಾಡಬೇಕೆಂದು ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಗೇಲ್ ಯೂಯಿಂಗ್ ಮತ್ತು ಗುನ್ ಗ್ರಾಂಡೆ ರೂಪಿಸಿದ, ಸಿಎಸ್‌ನ್ಯಾಟ್ ಎಂದು ಕರೆಯುವ ಪ್ರಶ್ನಾವಳಿ ನಮಗೆ ಹೆಚ್ಚು ಮೆಚ್ಚುಗೆ. ರೋಗದ ಬಗ್ಗೆ ತಿಳಿಯುವುದು, ಔಷಧಿ ಕೊಡುವುದು, ಯಾರಿಗೆ ಫೋನ್ ಮಾಡಬೇಕು, ತನಗಾಗಿ ಸ್ವಲ್ಪ ಸಮಯ, ತನ್ನ ಆರೋಗ್ಯ ಇಂಥ ಒಂದೊಂದರಲ್ಲೂ ‘ನಿಮಗೆ ಇನ್ನಷ್ಟು ಸಹಾಯ ಬೇಕೇ’ ಎಂದು ಅದು ನೇರವಾಗಿ ಕೇಳುತ್ತದೆ. ಉತ್ತರ ಬಂದ ಕೂಡಲೇ ಕೆಲಸ ಶುರು ಮಾಡಬಹುದು.

ಸೇವೆಯನ್ನು ಕೊನೆಯ ವಾರಕ್ಕೆ ಕಾಯದೆ ಬೇಗ ಕರೆಯಿರಿ. 2015ರಲ್ಲಿ ಪ್ರಕಟವಾದ ಅಮೆರಿಕದ ‘ಎನೇಬಲ್ 3’ ಅಧ್ಯಯನದಲ್ಲಿ ಮುಂದುವರಿದ ಕ್ಯಾನ್ಸರ್ ರೋಗಿಗಳ ಮನೆಯವರಿಗೆ ನರ್ಸ್ ಮೂಲಕ ಫೋನಿನಲ್ಲೇ ತರಬೇತಿ ಕೊಟ್ಟರು. ಒಂದು ಗುಂಪಿಗೆ ಕೂಡಲೇ, ಇನ್ನೊಂದಕ್ಕೆ ಮೂರು ತಿಂಗಳ ನಂತರ. ಮೂರು ತಿಂಗಳ ಹೊತ್ತಿಗೆ ಮೊದಲೇ ನೆರವು ಸಿಕ್ಕವರಲ್ಲಿ ಖಿನ್ನತೆ ಕಡಿಮೆ ಇತ್ತು.

ಕೊನೆಗೆ ಬಾಡಿಗೆಯ ವಿಷಯ. ಮಂಚ, ಆಮ್ಲಜನಕದ ಯಂತ್ರ ಬಾಡಿಗೆಗೆ ತನ್ನಿ. ಸ್ಲೈಡ್ ಶೀಟ್, ಫ್ಯಾನ್, ಡಬ್ಬಿ ಕೊಂಡುಬಿಡಿ. ಏರ್ ಬೆಡ್ ಬಾಡಿಗೆಯದಾದರೆ ಗಾಳಿಯ ಪದರ ಹೊಸದೋ, ಇಲ್ಲದಿದ್ದರೆ ಹೇಗೆ ಸೋಂಕು ತೆಗೆದಿದ್ದಾರೆ ಎಂದು ಕೇಳಿ, ಉಬ್ಬಿಸಿ ಒಂದು ಗಂಟೆ ಬಿಟ್ಟು ಸೋರಿಕೆ ನೋಡಿದ ಮೇಲೆಯೇ ಒಪ್ಪಿಕೊಳ್ಳಿ. ರಾತ್ರಿ ಪಂಪು ನಿಂತರೆ ಬದಲಿ ಪಂಪು ಎಷ್ಟು ಹೊತ್ತಿನಲ್ಲಿ ಬರುತ್ತದೆ, ಸಾಮಾನು ಬೇಡವಾದ ದಿನ ಅವರೇ ಬಂದು ಒಯ್ಯುತ್ತಾರೆಯೇ, ಒಯ್ಯುವುದು ತಡವಾದರೆ ಆ ದಿನಗಳ ಬಾಡಿಗೆ ಯಾರ ಲೆಕ್ಕ ಎಂಬುದನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಿ.